ಬೇಲಿ ಯಾರ ಮಾತು ಕೇಳಬೇಕು?

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಕನ್ನಡಿಗರ ಬಾಯಿಗೆ ಬರುವುದು ಕಾಯಬೇಕಾದವರೇ ಕೈಯಿಟ್ಟಾಗ. ಲಂಚ ತಿಂದ ಅಧಿಕಾರಿಗೆ, ಠೇವಣಿ ನುಂಗಿದ ಸಹಕಾರ ಸಂಘದ ಆಡಳಿತ ಮಂಡಳಿಗೆ, ಲಾಕಪ್ಪಿನಲ್ಲಿ ಹೊಡೆದ ಪೊಲೀಸರಿಗೆ ಈ ಮಾತು ಅಂಟುತ್ತದೆ. ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲೂ ಇದೇ ಚಿತ್ರ ಬರುವುದರಿಂದ ಈ ಸಂಕಟ ಹೊಸದಲ್ಲವೆಂಬುದು ಸ್ಪಷ್ಟ. ಬೆಳೆ ಹೋದದ್ದಕ್ಕಿಂತ, ದೂರು ಹೇಳಿಕೊಳ್ಳುವ ಜಾಗವೇ ಇಲ್ಲವಾಯಿತೆಂಬುದು ಗಾದೆಯ ಒಳಗಿನ ನೋವು. ದನ ನುಗ್ಗಿದರೆ ದೊಡ್ಡಿಗೆ ಅಟ್ಟಬಹುದು. ಬೇಲಿಯನ್ನು ಎಲ್ಲಿಗೆ ಅಟ್ಟುವುದು?

ಗಾದೆ ಒಂದು ಸಂಗತಿಯನ್ನು ಹೇಳದೆ ಬಿಟ್ಟಿದೆ. ಬೇಲಿ ಕೆಟ್ಟ ಮೇಲೆ ಹೊಲದವನು ಏನು ಮಾಡಬೇಕು? ಅದನ್ನೇ ಸರಿಪಡಿಸಿಕೊಳ್ಳಬೇಕೋ, ಪಕ್ಕದವನನ್ನು ಕರೆದು ಹೊಸ ಬೇಲಿ ಹಾಕಿಸಬೇಕೋ? ಪಕ್ಕದವನು ಹಾಕಿದ ಬೇಲಿಯ ಮೇಲೆ ಅಧಿಕಾರ ಯಾರದು? ರಾಜ್ಯದ ಮುಖ್ಯಸ್ಥರ ಮೇಲೆಯೇ ಗುಂಡು ಹಾರಿದ ದಿನ ಈ ಪ್ರಶ್ನೆಗಳು ಒಂದು ದೇಶದ ಎದುರು ಒಟ್ಟಿಗೆ ಬಂದು ನಿಲ್ಲುತ್ತವೆ. ಪೂರ್ವ ತಿಮೋರ್‌ನಲ್ಲಿ 2008ರ ಫೆಬ್ರವರಿ 11ರಂದು ಆದದ್ದು ಇದು. ಆಗ ಆ ದೇಶದ ಜನಸಂಖ್ಯೆ ಸುಮಾರು ಹತ್ತು ಲಕ್ಷ. ಸ್ವಾತಂತ್ರ್ಯ ಬಂದು ಆರು ವರ್ಷವೂ ತುಂಬಿರಲಿಲ್ಲ.

ಅಲ್ಲಿಯ ಬೇಲಿ ಯಾರು ನೆಟ್ಟದ್ದು ಎಂಬುದನ್ನು ಮೊದಲು ನೋಡಬೇಕು. ಪೋರ್ಚುಗೀಸರ ವಸಾಹತಾಗಿದ್ದ ಈ ಅರ್ಧ ದ್ವೀಪವನ್ನು 1975ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾ ಸೇನೆ ಆಕ್ರಮಿಸಿತು. 24 ವರ್ಷಗಳ ನಂತರ, 1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯದ ಕಡೆ ಮತ ಹಾಕಿದರು. ಅದರ ಸೇಡಿಗೆ ಊರುಗಳು ಉರಿದವು. ಆಸ್ಟ್ರೇಲಿಯಾ ನೇತೃತ್ವದ ಪಡೆ ಬಂದಿತು, ಅದರ ಹಿಂದೆಯೇ ವಿಶ್ವಸಂಸ್ಥೆಯ ಆಡಳಿತ. 2002ರ ಮೇ 20ರಂದು ದೇಶ ಸ್ವತಂತ್ರವಾಗುವ ಹೊತ್ತಿಗೆ ಎರಡು ಪಡೆಗಳು ಸಿದ್ಧವಾಗಿದ್ದವು. ಕಾಡಿನಲ್ಲಿದ್ದು ಇಂಡೋನೇಷ್ಯಾ ವಿರುದ್ಧ ಹೋರಾಡಿದ ಫಾಲಿಂತಿಲ್ ಗೆರಿಲ್ಲಾಗಳ ಒಂದು ಪಾಲು 2001ರಲ್ಲಿ ರಾಷ್ಟ್ರೀಯ ಸೇನೆಯಾಯಿತು. ವಿಶ್ವಸಂಸ್ಥೆ 2000ದಲ್ಲಿ ಹೊಸದಾಗಿ ಕಟ್ಟಿದ ಪೊಲೀಸ್ ಪಡೆಯಲ್ಲಿ ಇಂಡೋನೇಷ್ಯಾದ ಕಾಲದಲ್ಲಿ ಪೊಲೀಸರಾಗಿದ್ದವರೂ ಸೇರಿಕೊಂಡರು. ಹೋರಾಡಿದವರಿಗೆ ಇದು ಹಿಡಿಸಲಿಲ್ಲ. ಒಂದು ಬೇಲಿಯ ಎರಡು ಬದಿಗಳು ಮೊದಲ ದಿನದಿಂದಲೇ ಒಂದನ್ನೊಂದು ನಂಬಲಿಲ್ಲ. ಈ ಅಪನಂಬಿಕೆಯ ಬೀಜ ಬಿತ್ತಿದ್ದರಲ್ಲಿ ಹೊರಗಿನವರ ಪಾಲೂ ಇದೆ. ಪಡೆಗಳನ್ನು ಅವಸರದಲ್ಲಿ ಕಟ್ಟಿದರು, ಅವುಗಳ ನಡುವಿನ ಗೆರೆಯನ್ನು ಎಳೆಯದೆ ಹೋದರು.

2006ರಲ್ಲಿ ಗಾದೆ ಅಕ್ಷರಶಃ ನಡೆಯಿತು. ದೇಶದ ಪಶ್ಚಿಮ ಭಾಗದವರೆಂಬ ಕಾರಣಕ್ಕೆ ತಮಗೆ ಬಡ್ತಿಯಲ್ಲಿ ಅನ್ಯಾಯವಾಗುತ್ತಿದೆ ಎಂದು ಅರ್ಜಿ ಕೊಟ್ಟು ಬ್ಯಾರಕ್ಕು ಬಿಟ್ಟು ಹೋದ ಸುಮಾರು ಆರು ನೂರು ಸೈನಿಕರನ್ನು ಮಾರ್ಚ್‌ನಲ್ಲಿ ಒಟ್ಟಿಗೆ ವಜಾ ಮಾಡಲಾಯಿತು. ಏಪ್ರಿಲ್ ಕೊನೆಯಲ್ಲಿ ರಾಜಧಾನಿ ದಿಲಿಯ ಬೀದಿಯಲ್ಲಿ ಗಲಭೆ. ಮೇ ಮೊದಲ ವಾರ ಮಿಲಿಟರಿ ಪೊಲೀಸ್ ಮುಖ್ಯಸ್ಥ ಮೇಜರ್ ಆಲ್ಫ್ರೆಡೊ ರೇನಾಡೊ ಆಯುಧಗಳ ಸಮೇತ ಬೆಟ್ಟ ಹತ್ತಿದ. ಗೃಹಸಚಿವ ರೊಜೆರಿಯೊ ಲೊಬಾಟೊ ಪೊಲೀಸ್ ಶಸ್ತ್ರಾಗಾರದ ಬಂದೂಕುಗಳನ್ನು ನಾಗರಿಕರ ಕೈಗೆ ಕೊಡಿಸಿದರು. ಮರುವರ್ಷ ನ್ಯಾಯಾಲಯ ಅವರಿಗೆ ಏಳೂವರೆ ವರ್ಷ ಶಿಕ್ಷೆ ವಿಧಿಸಿತು.

ಮೇ 25ರ ಘಟನೆಯನ್ನು ಹತ್ತಿರದಿಂದ ನೋಡಬೇಕು. ಸೈನಿಕರು ದಿಲಿಯ ಪೊಲೀಸ್ ಕೇಂದ್ರ ಕಚೇರಿಯ ಮೇಲೆ ಗುಂಡು ಹಾರಿಸುತ್ತಿದ್ದರು. ವಿಶ್ವಸಂಸ್ಥೆಯ ಪೊಲೀಸ್ ಅಧಿಕಾರಿಗಳು ನಡುವೆ ನಿಂತು ಮಾತಾಡಿ ಕದನ ನಿಲ್ಲಿಸಿದರು. ಒಳಗಿದ್ದ ಪೊಲೀಸರು ಆಯುಧ ಕೆಳಗಿಟ್ಟು ಹೊರಬಂದರೆ ಸುರಕ್ಷಿತವಾಗಿ ಕರೆದೊಯ್ಯುವುದೆಂಬ ಒಪ್ಪಂದವಾಯಿತು. ಬರಿಗೈಯ ಪೊಲೀಸರು ವಿಶ್ವಸಂಸ್ಥೆಯ ಬಾವುಟದ ಹಿಂದೆ ಸಾಲಾಗಿ ನಡೆದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೈನಿಕರು ಅವರ ಮೇಲೆ ಗುಂಡಿನ ಮಳೆಗರೆದರು. ಎಂಟು ಮಂದಿ ಪೊಲೀಸರು ಸತ್ತರು. ಗಾಯಗೊಂಡವರಲ್ಲಿ ವಿಶ್ವಸಂಸ್ಥೆಯವರೂ ಇದ್ದರು. ಒಂದು ದೇಶದ ಸೇನೆ ಅದೇ ದೇಶದ ಪೊಲೀಸರನ್ನು, ಅವರು ಶರಣಾದ ಮೇಲೆ ಕೊಂದಿತು. ಆ ವರ್ಷದ ಗಲಭೆಯಲ್ಲಿ ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟರು. ಪ್ರಧಾನಿ ಮಾರಿ ಅಲ್ಕಾತಿರಿ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು.

ಪಕ್ಕದವರನ್ನು ಕರೆಯದೆ ಬೇರೆ ದಾರಿ ಇರಲಿಲ್ಲ. ಸರ್ಕಾರ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮಲೇಷ್ಯಾ, ಪೋರ್ಚುಗಲ್‌ಗಳ ನೆರವು ಕೇಳಿತು, ಪಡೆಗಳು ಬಂದವು. ಆಗಸ್ಟ್ 25ರಂದು ಭದ್ರತಾ ಮಂಡಳಿ ತನ್ನ 1704ನೇ ನಿರ್ಣಯದ ಮೂಲಕ ಹೊಸ ನಿಯೋಗವನ್ನು ಕಳಿಸಿತು. ಅದಕ್ಕೆ ಮಂಜೂರಾದದ್ದು 1,608 ಪೊಲೀಸರು. ಇಲ್ಲೊಂದು ಹಗ್ಗಜಗ್ಗಾಟ ನಡೆಯಿತು. ಸೈನಿಕರೂ ವಿಶ್ವಸಂಸ್ಥೆಯ ನೀಲಿ ಟೋಪಿಯ ಕೆಳಗೇ ಇರಲಿ ಎಂದು ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಬಯಸಿದ್ದರು. ತನ್ನ ಸೈನಿಕರು ತನ್ನ ಆಜ್ಞೆಯಲ್ಲೇ ಇರಬೇಕೆಂದು ಆಸ್ಟ್ರೇಲಿಯಾ ಹಟ ಹಿಡಿಯಿತು. ಆಸ್ಟ್ರೇಲಿಯಾದ ಹಟವೇ ಗೆದ್ದಿತು. ಆ ಡಿಸೆಂಬರ್‌ನಲ್ಲಿ ಆದ ಒಪ್ಪಂದದ ಪ್ರಕಾರ ತಿಮೋರ್ ಪೊಲೀಸರು ವಿಶ್ವಸಂಸ್ಥೆಯ ಪೊಲೀಸ್ ಕಮಿಷನರ್ ಅಧೀನಕ್ಕೆ ಬಂದರು. ಒಬ್ಬೊಬ್ಬರನ್ನೂ ಪರಿಶೀಲಿಸಿ, ತರಬೇತಿ ಕೊಟ್ಟು, ಆಮೇಲೆ ಹಂತಹಂತವಾಗಿ ಅಧಿಕಾರ ಮರಳಿಸುವುದು ಯೋಜನೆ. ನಿಯೋಗದ ಮುಖ್ಯಸ್ಥರಾಗಿ ಭಾರತದ ರಾಜತಂತ್ರಜ್ಞ ಅತುಲ್ ಖರೆ ಬಂದರು.

ಹೀಗೆ ದಿಲಿಯಲ್ಲಿ ಒಂದೇ ಹೊಲಕ್ಕೆ ಮೂರು ಸುತ್ತು ಬೇಲಿಯಾಯಿತು. ಸುಮಾರು ಒಂದೂವರೆ ಸಾವಿರ ವಿಶ್ವಸಂಸ್ಥೆಯ ಪೊಲೀಸರು ನ್ಯೂಯಾರ್ಕ್‌ಗೆ ಉತ್ತರ ಹೇಳಬೇಕಿತ್ತು. ಸಾವಿರದಷ್ಟು ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಸೈನಿಕರ ಆಜ್ಞೆ ಕ್ಯಾನ್‌ಬೆರಾದಿಂದ ಬರುತ್ತಿತ್ತು. ತಿಮೋರ್ ಸೇನೆ ತನ್ನ ಸರ್ಕಾರದ ಕೈಕೆಳಗೆ, ಆದರೆ ಬಹುಪಾಲು ಬ್ಯಾರಕ್ಕಿನೊಳಗೆ ಉಳಿಯಿತು. ಹೊರಗಿನ ಬೇಲಿ ಮುಳ್ಳಿಲ್ಲದ್ದು ಎಂದು ಭಾವಿಸುವಂತೆಯೂ ಇರಲಿಲ್ಲ. 2007ರ ಫೆಬ್ರವರಿಯಲ್ಲಿ ದಿಲಿ ವಿಮಾನ ನಿಲ್ದಾಣದ ಪಕ್ಕದ ನಿರಾಶ್ರಿತರ ಶಿಬಿರದಲ್ಲಿ ಆಸ್ಟ್ರೇಲಿಯಾದ ಸೈನಿಕರ ಗುಂಡಿಗೆ ತಿಮೋರಿನ ಇಬ್ಬರು ಸತ್ತರು. ಆತ್ಮರಕ್ಷಣೆಗಾಗಿ ಹಾರಿಸಿದ ಗುಂಡು ಎಂಬುದು ಸೇನೆಯ ಉತ್ತರ. ಆದರೆ ಆ ಸೈನಿಕರನ್ನು ತಿಮೋರ್ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸುವ ದಾರಿ ಇರಲಿಲ್ಲ. ದೂರು ಹೇಳಿಕೊಳ್ಳಲು ಜಾಗವಿಲ್ಲ ಎಂಬ ಗಾದೆಯ ಸಂಕಟ ಹೊರಗಿನ ಬೇಲಿಯ ವಿಷಯದಲ್ಲೂ ಅಷ್ಟೇ ನಿಜವಾಯಿತು.

ರೇನಾಡೊನ ವಿಷಯದಲ್ಲಿ ಈ ಮೂರು ಸುತ್ತಿನ ದೌರ್ಬಲ್ಯ ಬಯಲಾಯಿತು. ಅವನ ಮೇಲೆ ಬಂಧನ ವಾರಂಟ್ ಇತ್ತು. 2007ರ ಮಾರ್ಚ್‌ನಲ್ಲಿ ಸಾಮೆ ಪಟ್ಟಣದಲ್ಲಿ ಆಸ್ಟ್ರೇಲಿಯಾ ಸೈನಿಕರು ದಾಳಿ ಮಾಡಿದರು. ಅವನ ಕಡೆಯ ಐವರು ಸತ್ತರು, ಅವನು ತಪ್ಪಿಸಿಕೊಂಡ. ಆಮೇಲೆ ಮಾತುಕತೆಯಿಂದಲೇ ಅವನನ್ನು ಕೆಳಗಿಳಿಸುವುದೆಂದು ತಿಮೋರ್ ನಾಯಕರು ತೀರ್ಮಾನಿಸಿ ಬೇಟೆ ನಿಲ್ಲಿಸಲು ಕೇಳಿಕೊಂಡರು. ನ್ಯಾಯಾಲಯ ಹಿಡಿಯಿರಿ ಎನ್ನುತ್ತಿದೆ, ಅಧ್ಯಕ್ಷರು ಬಿಡಿ ಎನ್ನುತ್ತಿದ್ದಾರೆ, ಬಂದೂಕು ಇರುವುದು ಮೂರನೆಯವರ ಕೈಯಲ್ಲಿ. ಶಾಂತಿಗಾಗಿ ಮಾತುಕತೆಯ ದಾರಿ ಹಿಡಿದ ಅಧ್ಯಕ್ಷ ಜೋಸೆ ರಾಮೊಸ್-ಹೋರ್ತಾ ಅವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. 2006ನ್ನು ಕಂಡ ಯಾರೂ ಮತ್ತೊಂದು ಕಾಳಗವನ್ನು ಬಯಸುತ್ತಿರಲಿಲ್ಲ. 2008ರ ಜನವರಿಯಲ್ಲೂ ಅವರು ರೇನಾಡೊನನ್ನು ಮುಖಾಮುಖಿ ಕಂಡು ಮಾತಾಡಿದ್ದರು.

ಒಂದು ತಿಂಗಳೂ ಕಳೆಯಲಿಲ್ಲ. ಫೆಬ್ರವರಿ 11ರ ಬೆಳಗಿನ ಜಾವ ರೇನಾಡೊ ತನ್ನವರೊಂದಿಗೆ ದಿಲಿಯ ಪೂರ್ವ ಅಂಚಿನ ಮೆತಿ ಆವುತ್‌ನಲ್ಲಿದ್ದ ಅಧ್ಯಕ್ಷರ ಮನೆಗೆ ನುಗ್ಗಿದ. ಅಧ್ಯಕ್ಷರು ಕಡಲತೀರದಲ್ಲಿ ವ್ಯಾಯಾಮಕ್ಕೆ ಹೋಗಿದ್ದರು. ಮನೆಯ ಕಾವಲಿನ ಸೈನಿಕರ ಗುಂಡಿಗೆ ರೇನಾಡೊ ಮತ್ತು ಅವನ ಜತೆಗಾರನೊಬ್ಬ ಸತ್ತರು. ಗುಂಡಿನ ಸದ್ದು ಕೇಳಿಯೂ ಮನೆಯ ಕಡೆ ಹೊರಟ ರಾಮೊಸ್-ಹೋರ್ತಾ ಅವರಿಗೆ ಗೇಟಿನ ಬಳಿ ಗುಂಡು ತಗುಲಿತು. ಅವರನ್ನು ವಿಮಾನದಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಒಯ್ದು ಉಳಿಸಿಕೊಳ್ಳಲಾಯಿತು. ಅದೇ ಬೆಳಿಗ್ಗೆ, ಬಾಲಿಬಾರ್ ಬೆಟ್ಟದ ಮನೆಯಿಂದ ಇಳಿದು ಬರುತ್ತಿದ್ದ ಪ್ರಧಾನಿ ಶನಾನಾ ಗುಸ್ಮಾಂವ್ ಅವರ ವಾಹನಗಳ ಮೇಲೆ, ವಜಾಗೊಂಡ ಸೈನಿಕರ ನಾಯಕ ಗಸ್ತಾಂವ್ ಸಾಲ್ಸಿನ್ಯಾನ ಗುಂಪು ಹೊಂಚು ಹಾಕಿ ಗುಂಡು ಹಾರಿಸಿತು. ಪ್ರಧಾನಿಗೆ ಗಾಯವಾಗಲಿಲ್ಲ.

ಮರುದಿನವೇ ಸೇನಾ ಮುಖ್ಯಸ್ಥ ತೌರ್ ಮತಾನ್ ರುವಾಕ್ ಒಂದು ಪ್ರಶ್ನೆ ಎತ್ತಿದರು. ಇಷ್ಟೊಂದು ಅಂತರರಾಷ್ಟ್ರೀಯ ಪಡೆ ಇರುವಾಗ ಆಯುಧಧಾರಿಗಳ ವಾಹನಗಳು ಯಾರ ಕಣ್ಣಿಗೂ ಬೀಳದೆ ರಾಜಧಾನಿಯೊಳಗೆ, ಅಧ್ಯಕ್ಷರ ಬಾಗಿಲವರೆಗೆ ಬಂದದ್ದು ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ಈ ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ಯಾರೋ ದ್ರೋಹ ಮಾಡಿದ ಕಾರಣ ಬೇಲಿ ಮುರಿಯಲಿಲ್ಲ. ಮೂರು ಸುತ್ತಿನವರೂ ಈ ತುಂಡು ತಮ್ಮದಲ್ಲ ಎಂದುಕೊಳ್ಳಲು ಅವಕಾಶವಿದ್ದುದರಿಂದ ಮುರಿಯಿತು. ಹಲವರು ಕಾಯುವ ಹೊಲಕ್ಕೆ ಯಾರೂ ಹೊಣೆಗಾರರಾಗಿರುವುದಿಲ್ಲ. ಇದು ಗಾದೆ ಹೇಳದ, ಆದರೆ ಅದರೊಳಗೆ ಅಡಗಿರುವ ಮಾತು.

ಮುಂದಿನ ಹೆಜ್ಜೆ ಬೇಗ ಬಂತು. ಮುತ್ತಿಗೆ ಸ್ಥಿತಿ ಘೋಷಣೆಯಾಗಿ ರಾತ್ರಿ ಕರ್ಫ್ಯೂ, ಸಭೆಗಳ ನಿಷೇಧ ಜಾರಿಗೆ ಬಂದವು. ಒಂದು ವಾರದೊಳಗೆ ಸಚಿವ ಸಂಪುಟ ಸೇನೆ ಮತ್ತು ಪೊಲೀಸರ ಜಂಟಿ ಕಮಾಂಡ್ ರಚಿಸಿತು. ಅದರ ಮುಖ್ಯಸ್ಥರು ಸೇನೆಯ ಅಧಿಕಾರಿ, ಉಪಮುಖ್ಯಸ್ಥರು ಪೊಲೀಸ್ ಅಧಿಕಾರಿ. ಕಾಗದದ ಮೇಲೆ ತಿಮೋರ್ ಪೊಲೀಸರು ಇನ್ನೂ ವಿಶ್ವಸಂಸ್ಥೆಯ ಕಮಿಷನರ್ ಅಧೀನದಲ್ಲೇ ಇದ್ದರು. ಅವರ ಒಂದು ಭಾಗವನ್ನು ಸರ್ಕಾರ ಎತ್ತಿ ಸೇನೆಯ ಕೈಗೆ ಕೊಟ್ಟಿತು. ವಿಶ್ವಸಂಸ್ಥೆ ತಡೆಯಲಿಲ್ಲ. ತಡೆಯುವ ನೈತಿಕ ಬಲ ಆಗ ಅದಕ್ಕೆ ಉಳಿದಿರಲಿಲ್ಲ ಎನ್ನುವುದೇ ಸರಿ. ಆಸ್ಟ್ರೇಲಿಯಾ ಹೆಚ್ಚುವರಿ ಸೈನಿಕರನ್ನೂ ಪೊಲೀಸರನ್ನೂ ಕಳಿಸಿತು, ಆದರೆ ಬೆಟ್ಟದ ಬೇಟೆಯ ಮುಂದಾಳತ್ವ ತಿಮೋರಿನವರ ಕೈಯಲ್ಲೇ ಉಳಿಯಿತು.

ಫಲ ಅನೇಕರನ್ನು ಬೆರಗಾಗಿಸಿತು. ಎರಡು ವರ್ಷದ ಹಿಂದೆ ಒಬ್ಬರನ್ನೊಬ್ಬರು ಕೊಂದ ಸೈನಿಕರು ಮತ್ತು ಪೊಲೀಸರು ಒಂದೇ ಲಾರಿಯಲ್ಲಿ ಕೂತು ಗಸ್ತು ತಿರುಗಿದರು. ನೆಲ ಗೊತ್ತಿದ್ದವರು, ಭಾಷೆ ಗೊತ್ತಿದ್ದವರು, ಯಾರ ಮನೆಯ ಹುಡುಗ ಯಾವ ಹಳ್ಳಿಯಲ್ಲಿ ಅಡಗಿದ್ದಾನೆಂದು ತಿಳಿಯಬಲ್ಲವರು ಅವರು. ಹೊರಗಿನ ಪಡೆಗೆ ಎಷ್ಟು ಹೆಲಿಕಾಪ್ಟರ್ ಇದ್ದರೂ ಈ ಅರಿವು ಸಿಗದು. ದೊಡ್ಡ ಕಾಳಗವಿಲ್ಲದೆ ಬಂಡಾಯಗಾರರು ಒಬ್ಬೊಬ್ಬರಾಗಿ ಇಳಿದು ಬಂದರು. ಏಪ್ರಿಲ್ 29ರಂದು ಸಾಲ್ಸಿನ್ಯಾ ತನ್ನ ಉಳಿದ ಸಂಗಡಿಗರೊಂದಿಗೆ ದಿಲಿಯಲ್ಲಿ ಶರಣಾದ. ಅರ್ಜಿ ಕೊಟ್ಟು ಹೊರಬಿದ್ದಿದ್ದ ನೂರಾರು ಸೈನಿಕರನ್ನು ಶಿಬಿರಕ್ಕೆ ಕರೆತಂದು, ತಲಾ 8,000 ಅಮೆರಿಕನ್ ಡಾಲರ್ ಪರಿಹಾರ ಕೊಟ್ಟು ನಾಗರಿಕ ಬದುಕಿಗೆ ಕಳಿಸಲಾಯಿತು. ತಮ್ಮ ಬೇಲಿಯನ್ನು ತಾವೇ ಕಟ್ಟಿಕೊಳ್ಳಬಲ್ಲೆವೆಂಬ ಹೆಮ್ಮೆ ತಿಮೋರಿನವರಿಗೆ ಬಂದದ್ದು ಸಹಜ. ಆ ಹೆಮ್ಮೆಗೆ ಅವರು ಪೂರ್ಣ ಅರ್ಹರು.

ಆದರೆ ಹಳ್ಳಿಗಳಿಂದ ಬಂದ ದೂರುಗಳನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಕಾರ್ಯಾಚರಣೆ ನಡೆದ ಪಶ್ಚಿಮದ ಜಿಲ್ಲೆಗಳಲ್ಲಿ ಜಂಟಿ ಕಮಾಂಡಿನ ಸಿಬ್ಬಂದಿ ಜನರನ್ನು ಹೊಡೆದದ್ದು, ಬೆದರಿಸಿದ್ದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ತಂಡದ ಮುಂದೆ ಬಂದಿತು. ಒದೆ ತಿಂದ ರೈತನ ಮಟ್ಟಿಗೆ ಬೇಲಿ ಸ್ವದೇಶಿಯೋ ವಿದೇಶಿಯೋ ಎಂಬುದು ಆಮೇಲಿನ ಮಾತು. ವಿಶ್ವಸಂಸ್ಥೆಯ ಕಮಿಷನರನ್ನು ದಿಲಿಯ ಸಂಸತ್ತು ಕರೆಸಿ ಪ್ರಶ್ನಿಸುವಂತಿರಲಿಲ್ಲ. ಜಂಟಿ ಕಮಾಂಡಿನ ಅಧಿಕಾರಿಯನ್ನು ಕರೆಸಿ ಪ್ರಶ್ನಿಸಬಹುದಿತ್ತು, ಹಾಗೆ ಗಟ್ಟಿಯಾಗಿ ಪ್ರಶ್ನಿಸಿದವರು ಕಡಿಮೆ. ಕೇಳುವ ಅಧಿಕಾರ ಇರುವುದು, ಆ ಅಧಿಕಾರವನ್ನು ಬಳಸುವುದು ಇವೆರಡೂ ಬೇರೆ ಬೇರೆ. ಮೊದಲನೆಯದನ್ನು ತಾಯ್ನಾಡಿನ ಹತೋಟಿ ಮಾತ್ರ ಕೊಡಬಲ್ಲದು, ಆದ್ದರಿಂದ ಅದೇ ಮೇಲು. ಎರಡನೆಯದು ತಾನಾಗಿ ಬರುವುದಿಲ್ಲ.

ಈ ಕಥೆ ತಿಮೋರಿಗೆ ಮಾತ್ರ ಸೇರಿದ್ದಲ್ಲ. 2021ರ ಜುಲೈ 7ರಂದು ಹೈಟಿಯ ಅಧ್ಯಕ್ಷ ಜೊವನೆಲ್ ಮೊಯೀಸ್ ತಮ್ಮ ಮನೆಯಲ್ಲೇ ಹತ್ಯೆಯಾದರು, ಅವರ ಭದ್ರತಾ ಅಧಿಕಾರಿಗಳೇ ಬಂಧಿತರ ಸಾಲಿನಲ್ಲಿದ್ದರು. ಕೆಲವೇ ದಿನಗಳಲ್ಲಿ ಸರ್ಕಾರ ವಿದೇಶಿ ಸೈನ್ಯ ಬೇಕೆಂದು ಕೇಳಿತು. ಭದ್ರತಾ ಮಂಡಳಿ ಅನುಮತಿ ಕೊಟ್ಟದ್ದು 2023ರ ಅಕ್ಟೋಬರ್‌ನಲ್ಲಿ, ಕೆನ್ಯಾದ ಪೊಲೀಸರು ಬಂದಿಳಿದದ್ದು 2024ರ ಜೂನ್‌ನಲ್ಲಿ. ಪಕ್ಕದವನು ಬೇಲಿ ಹಾಕಲು ಬರುವಷ್ಟರಲ್ಲಿ ರಾಜಧಾನಿಯ ಬಹುಪಾಲು ಸಶಸ್ತ್ರ ಗುಂಪುಗಳ ವಶವಾಗಿತ್ತು.

ತಿಮೋರಿನಲ್ಲಿ ಅಧಿಕಾರ ಮರಳುವ ಕೆಲಸ 2009ರ ಮೇ ತಿಂಗಳಲ್ಲಿ ಲೌತೆಮ್ ಜಿಲ್ಲೆಯಿಂದ ಶುರುವಾಗಿ, 2011ರ ಮಾರ್ಚ್ 27ರಂದು ಇಡೀ ದೇಶದ ಪೊಲೀಸ್ ಹೊಣೆ ರಾಷ್ಟ್ರೀಯ ಪಡೆಗೆ ಬಂದಿತು. ದಾಳಿಯ ವಿಚಾರಣೆ ನಡೆದದ್ದೂ ದಿಲಿಯ ನ್ಯಾಯಾಲಯದಲ್ಲೇ. 2010ರ ಮಾರ್ಚ್‌ನಲ್ಲಿ ಸಾಲ್ಸಿನ್ಯಾ ಸೇರಿ ಹಲವರಿಗೆ ದೀರ್ಘ ಶಿಕ್ಷೆಯಾಯಿತು. ಅದೇ ವರ್ಷ, ಗುಂಡು ತಿಂದಿದ್ದ ರಾಮೊಸ್-ಹೋರ್ತಾ ಅವರೇ ಕ್ಷಮಾದಾನ ಕೊಟ್ಟು ಅವರನ್ನು ಬಿಡಿಸಿದರು. 2012ರಲ್ಲಿ ತೌರ್ ಮತಾನ್ ರುವಾಕ್ ದೇಶದ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ವಿಶ್ವಸಂಸ್ಥೆಯ ನಿಯೋಗವೂ ಆಸ್ಟ್ರೇಲಿಯಾದ ಪಡೆಯೂ ಕಾರ್ಯಾಚರಣೆ ಮುಗಿಸಿದವು.

2015ರಲ್ಲಿ ಮಾಜಿ ಗೆರಿಲ್ಲಾ ನಾಯಕ ಮೌಕ್ ಮೊರುಕ್‌ನ ಗುಂಪನ್ನು ಹಿಡಿಯಲು ಸೇನೆ ಮತ್ತು ಪೊಲೀಸರ ಜಂಟಿ ಕಾರ್ಯಾಚರಣೆ ಮತ್ತೆ ನಡೆಯಿತು. ಈ ಸಲ ಹೊರಗಿನವರ ಬೇಲಿ ಎಲ್ಲೂ ಇರಲಿಲ್ಲ. ಆಗಸ್ಟ್ 8ರಂದು ಆತ ಗುಂಡೇಟಿಗೆ ಸತ್ತ. ಬಾವುಕಾವು ಸುತ್ತಿನ ಹಳ್ಳಿಗಳಿಂದ ಹೊಡೆತ, ಅಕ್ರಮ ಬಂಧನಗಳ ದೂರುಗಳು 2008ರಂತೆಯೇ ಬಂದವು. ಅವುಗಳಿಗೆ ಉತ್ತರ ಕೊಡಬೇಕಾದ ಸಂಸತ್ತು, ನ್ಯಾಯಾಲಯ, ಮಾನವ ಹಕ್ಕುಗಳ ಕಚೇರಿ ಮೂರೂ ಈಗ ದಿಲಿಯಲ್ಲೇ ಇದ್ದವು.