ಸೇರಿದವರ ಋಣ

ಉಚ್ಚಂಗಿದುರ್ಗದ ಮೆಟ್ಟಿಲುಗಳನ್ನೇರಿ ಕೋಟೆಯ ಬಾಗಿಲಲ್ಲಿ ದಣಿವಾರಿಸಿಕೊಳ್ಳುವವನಿಗೆ, ಈ ಬೆಟ್ಟವು ಎಷ್ಟು ಆಳಿಕೆಗಳೊಡನೆ ಸೇರಿ ಬೇರ್ಪಟ್ಟಿತೆಂಬ ನೆನಪು ಬಾರದಿರದು. ಪಾಂಡ್ಯರ ಹೊಯ್ಸಳರ ಮಾತು ಹಾಗಿರಲಿ. ನಮ್ಮ ಹಿರಿಯರು ಬಲ್ಲ ಕಾಲದಲ್ಲಿಯೇ ಇದು ಮದರಾಸು ಪ್ರಾಂತದ ಬಳ್ಳಾರಿಯೊಡನಿದ್ದು, 1953ರಲ್ಲಿ ಮೈಸೂರಿಗೆ ಸೇರಿ, 1997ರಲ್ಲಿ ಹರಪನಹಳ್ಳಿ ತಾಲ್ಲೂಕಿನೊಡನೆ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಊರು ತಾನಾಗಿ ಎಲ್ಲಿಗೂ ಹೋಗಲಿಲ್ಲ, ಅದನ್ನು ಸೇರಿಸಿದರು. ಆದರೆ ಮನುಷ್ಯರು ತಾವಾಗಿ ಒಂದು ಪಕ್ಷವನ್ನು ಕಟ್ಟಿ, ಜನಕ್ಕೆ ಮಾತು ಕೊಟ್ಟು, ಅನಂತರ ಆ ಪಕ್ಷವನ್ನೇ ಮತ್ತೊಂದರಲ್ಲಿ ಕರಗಿಸಿದರೆ, ಕೊಟ್ಟ ಮಾತು ಯಾರದಾಗಿ ಉಳಿಯುತ್ತದೆ?

ಈ ಪ್ರಶ್ನೆಗೂ ನಮ್ಮ ತಾಲ್ಲೂಕಿಗೂ ಒಂದು ನಂಟುಂಟು. ದಾವಣಗೆರೆ ಜಿಲ್ಲೆ ಆದಾಗ ಮುಖ್ಯಮಂತ್ರಿಗಳಾಗಿದ್ದ ಶ್ರೀ ಜೆ. ಎಚ್. ಪಟೇಲರು 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಹೋಗಿ, ಅಲ್ಲಿ ಕನ್ನಡದಲ್ಲಿ ಮಾತನಾಡಿದವರು. ಅವರು ಮುಖ್ಯಮಂತ್ರಿಗಳಾಗುವ ಹೊತ್ತಿಗೆ ಆ ಪಕ್ಷದ ಹೆಸರೇ ಅಳಿದಿತ್ತು.

ಈ ಕಥೆ 1952ರಲ್ಲಿ ತೊಡಗುತ್ತದೆ. ಮೊದಲ ಮಹಾಚುನಾವಣೆಯಲ್ಲಿ ಸಮಾಜವಾದಿ ಪಕ್ಷಕ್ಕೆ ಲೋಕಸಭೆಯಲ್ಲಿ 12 ಸ್ಥಾನಗಳೂ, ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ 9 ಸ್ಥಾನಗಳೂ ದೊರೆತವು. ಒಂದು ಮಾರ್ಕ್ಸನನ್ನು ಓದಿ ಬೆಳೆದದ್ದು, ಇನ್ನೊಂದು ಗಾಂಧೀಜಿಯವರ ಮಾರ್ಗವನ್ನು ನೆಚ್ಚಿದ್ದು. ಅದೇ ವರ್ಷ ಇವೆರಡೂ ಸೇರಿ ಪ್ರಜಾ ಸಮಾಜವಾದಿ ಪಕ್ಷವಾಯಿತು. ಸೋತವರು ಕೈಹಿಡಿದುಕೊಳ್ಳುವುದು ತಪ್ಪಲ್ಲ. ಆದರೆ ಸೋಲು ಒಂದಾಗಿಸಿದವರನ್ನು ಅಧಿಕಾರವು ಒಂದಾಗಿಯೇ ಇಟ್ಟೀತೆ?

ಎರಡು ವರ್ಷಗಳಲ್ಲೇ ಉತ್ತರ ಬಂತು. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ತಾಣುಪಿಳ್ಳೆಯವರ ನಾಯಕತ್ವದಲ್ಲಿ ಈ ಪಕ್ಷದ ಮಂತ್ರಿಮಂಡಲವಿದ್ದಾಗ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಗಳಾಗಿದ್ದ ರಾಮಮನೋಹರ ಲೋಹಿಯಾರವರು ಸೆರೆಮನೆಯಿಂದಲೇ, ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದರು. ಪರರ ಗುಂಡನ್ನು ಖಂಡಿಸಿದವನು ತನ್ನ ಗುಂಡಿಗೆ ಬೇರೆ ತಕ್ಕಡಿ ಹಿಡಿಯಬಾರದೆಂಬುದೇ ಅವರ ವಾದ. ಪಕ್ಷವು ಒಪ್ಪಲಿಲ್ಲ; ಅವರು ಹೊರಗಾದರು. ಲೋಹಿಯಾರವರ ಹಟ ಅತಿಯಾಯಿತೆನ್ನುವವರುಂಟು. ನನಗೆ ಹಾಗೆ ತೋರದು. ಸೇರುವಾಗ ಸಭಿಕರ ಲೆಕ್ಕ ಹಾಕಿದವರು ಮಾತಿನ ಲೆಕ್ಕ ಹಾಕಿರಲಿಲ್ಲ.

ಮುಂದಿನದು ಬೇಗ ಹೇಳಬಹುದು. 1964ರಲ್ಲಿ ಮತ್ತೆ ಸೇರಿದರು, ಮರುವರ್ಷ ಮತ್ತೆ ಬೇರೆಯಾದರು. 1967ರಲ್ಲಿ ಮೈಸೂರು ವಿಧಾನಸಭೆಗೆ ಒಂದು ಕವಲಿನಿಂದ 20 ಮಂದಿ, ಇನ್ನೊಂದರಿಂದ 6 ಮಂದಿ ಬಂದರು. 1971ರಲ್ಲಿ ಇನ್ನೊಮ್ಮೆ ಒಂದಾಗಿ, 1977ರಲ್ಲಿ ಜನತಾ ಪಕ್ಷದೊಳಗೆ ಲೀನವಾದರು.

ಕಾಗೋಡಿನ ಗೇಣಿದಾರರನ್ನು ಇಲ್ಲಿ ನೆನೆಯಬೇಕು. 1951ರಲ್ಲಿ ಅವರ ಮೊದಲ ಜಗಳ ಗೇಣಿಯ ಭತ್ತವನ್ನಳೆಯುವ ಕೊಳಗದ್ದು: ಒಡೆಯನ ಕೊಳಗ ದೊಡ್ಡದಾಗಿರಬಾರದೆಂಬಷ್ಟೇ ಬೇಡಿಕೆ. ಸಮಾಜವಾದಿಗಳು ಅವರೊಡನೆ ನಿಂತರು, ಸೆರೆಮನೆ ಸೇರಿದರು. ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾದರು. ಉಳುವವನಿಗೆ ಹೊಲವೆಂದು ಅವರು ದುಡಿದರು. ಗೌಡರು ತೀರಿಕೊಂಡದ್ದು 1972ರಲ್ಲಿ. ಗೇಣಿಯನ್ನು ರದ್ದುಮಾಡಿದ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ, ದೇವರಾಜ ಅರಸರ ಕಾಂಗ್ರೆಸ್ ಸರಕಾರದಿಂದ. ಹಾಗಾದರೆ ಪಕ್ಷ ಅಳಿದರೇನು, ಕೆಲಸವಾಯಿತಲ್ಲ ಎನ್ನಬಹುದು. ಹೊಲ ಬಂದವನಿಗೆ ಈ ಸಮಾಧಾನ ಸಾಕು. ಆದರೆ ಸಾಲವನ್ನು ನೆರೆಯವನು ತೀರಿಸಿದರೆ, ತೀರಿಸಿದ ಪುಣ್ಯ ಸಾಲಗಾರನಿಗೆ ಬಾರದು.

ನಮ್ಮ ತಾಲ್ಲೂಕನ್ನೇ ನೋಡಿ. ದಾವಣಗೆರೆಗೆ ಸೇರಿದ್ದರಿಂದ ಸಂವಿಧಾನದ 371-ಜೆ ವಿಧಿಯ ಸೌಲಭ್ಯ ಬಳ್ಳಾರಿಗೆ ಬಂದಾಗ ನಮಗೆ ತಪ್ಪಿತು. 1997ರಲ್ಲಿ ಯಾರೂ ಊಹಿಸದ ನಷ್ಟವದು. ಜನರು ಕೇಳಿದರು, ಕೇಳಲು ಒಂದು ಸರಕಾರವಿತ್ತು, ತಾಲ್ಲೂಕು ಮರಳಿತು. 1952ರಲ್ಲಿ ಆ ಪಕ್ಷವನ್ನು ನಂಬಿ ಮತ ಹಾಕಿದ ಗೇಣಿದಾರನು, ತನಗೆ ಕೊಟ್ಟ ಮಾತೇನಾಯಿತೆಂದು ಕೇಳಲು 1977ರ ಮೇಲೆ ಯಾರ ಬಾಗಿಲಿಗೆ ಹೋಗಬೇಕಿತ್ತು?