ಲೆಕ್ಕ ಕೊಡಬೇಕಿಲ್ಲದ ಒಂದು ದಿನ

‘ಒಬ್ಬಳೇ ಹೋಗಿಬರುತ್ತೇನೆ’ ಎಂದು ಮನೆಯ ಹೆಂಗಸು ಹೇಳಿದರೆ ಸಾಕು, ಪ್ರಶ್ನೆಗಳು ಏಳುತ್ತವೆ. ಯಾತಕ್ಕೆ? ಯಾರ ಜೊತೆ? ಎಷ್ಟು ಹೊತ್ತಿಗೆ ಬರುವುದು? ಮದುವೆಗೋ, ಮಗಳ ಬಾಣಂತನಕ್ಕೋ, ದೇವರ ಹರಕೆಗೋ ಆದರೆ ಯಾರೂ ಏನೂ ಕೇಳುವುದಿಲ್ಲ. ಹಾಗಾದರೆ ಯಾವ ಕರ್ತವ್ಯವೂ ಇಲ್ಲದೆ, ಪುಣ್ಯದ ನೆಪವೂ ಇಲ್ಲದೆ, ನೋಡುವ ಆಸೆಗೆಂದೇ ಒಂದು ದಿನವನ್ನು ಇಟ್ಟುಕೊಳ್ಳುವುದು ಸ್ವಾರ್ಥವೇ?

ಈ ಪ್ರಶ್ನೆಯನ್ನು ನಾನು ನೆಮ್ಮದಿಯಾಗಿ ಯೋಚಿಸಿದ್ದು ಇಟಲಿಯ ಸಿಸಿಲಿ ದ್ವೀಪದಲ್ಲಿ. ಮಗಳು ಅಲ್ಲಿನ ಪಲೆರ್ಮೊ ನಗರದಲ್ಲಿ ಓದುತ್ತಿದ್ದಾಗ ಕೆಲವು ದಿನ ಅವಳೊಂದಿಗೆ ಇದ್ದೆ. ಬೆಳಿಗ್ಗೆ ಅವಳು ಹೊರಟರೆ ಸಂಜೆಯವರೆಗಿನ ಹೊತ್ತು ನನ್ನದೇ. ಗೈಡ್ ಇಲ್ಲ, ಗುಂಪಿಲ್ಲ. ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಸ್ಸನ್ನೋ ರೈಲನ್ನೋ ಹಿಡಿಯುತ್ತಿದ್ದೆ.

ಮೊದಲು ಹೋದದ್ದು ಗುಡ್ಡದ ಮೇಲಿನ ಮೊನ್ರಿಯಾಲೆಗೆ. 12ನೆಯ ಶತಮಾನದಲ್ಲಿ ನಾರ್ಮನ್ ದೊರೆ ಎರಡನೆಯ ವಿಲಿಯಂ ಕಟ್ಟಿಸಿದ ದೊಡ್ಡ ಚರ್ಚು ಅಲ್ಲಿದೆ. ಬಂಗಾರದ ಹೊಳಪಿನ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿ ಒಳಗೋಡೆಗಳ ತುಂಬ ಚಿತ್ರ ಮೂಡಿಸಿದ್ದಾರೆ. ಒಂದರಲ್ಲಿ ದೊರೆಯೇ ಮೇರಿ ಮಾತೆಗೆ ಆ ಚರ್ಚನ್ನು ಅರ್ಪಿಸುತ್ತಿದ್ದಾನೆ. ಪಕ್ಕದ ಅಂಗಳದ ಸುತ್ತ 228 ಕಂಬಗಳು, ಜೋಡಿ ಜೋಡಿಯಾಗಿ ನಿಂತಿವೆ. ಅವುಗಳ ತಲೆಯ ಮೇಲಿನ ಕೆತ್ತನೆಗಳನ್ನು ಒಂದೊಂದಾಗಿ ನೋಡಿದೆ. ‘ಬೇಗ ಬನ್ನಿ’ ಎನ್ನುವವರು ಯಾರೂ ಇರಲಿಲ್ಲ. ದೊರೆಯ ಹೆಸರು ಉಳಿದಿದೆ. ಕೆತ್ತಿದವರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ.

ಇನ್ನೊಂದು ದಿನ ರೈಲಿನಲ್ಲಿ ಚೆಫಲೂಗೆ ಹೋದೆ. ಸುಮಾರು ಒಂದು ಗಂಟೆಯ ದಾರಿ. ಎರಡನೆಯ ರೋಜರ್ ಎಂಬ ದೊರೆ 1131ರಲ್ಲಿ ಅಲ್ಲಿ ಚರ್ಚು ಕಟ್ಟಲು ತೊಡಗಿದ. ತನ್ನ ಸಮಾಧಿ ಅಲ್ಲೇ ಆಗಬೇಕೆಂಬ ಆಸೆ ಅವನಿಗಿತ್ತು. ಆದರೆ 1154ರಲ್ಲಿ ತೀರಿಕೊಂಡಾಗ ಪಲೆರ್ಮೊದಲ್ಲಿ ಮಣ್ಣು ಮಾಡಿದರು. ಈ ಎರಡು ಚರ್ಚುಗಳೂ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಆದರೆ ನನ್ನ ಮನಸ್ಸು ನಿಂತದ್ದು ಅದೇ ಊರಿನ ಬೇರೊಂದು ಜಾಗದಲ್ಲಿ. ಬೀದಿಯಿಂದ ಮೆಟ್ಟಿಲಿಳಿದರೆ ಹಳೆಯ ಕಾಲದ ಬಟ್ಟೆ ಒಗೆಯುವ ಕಟ್ಟೆ. ಸಿಂಹದ ಬಾಯಿಗಳಿಂದ ನೀರು ಸುರಿಯುತ್ತದೆ. ಕೆಳಗೆ ಕಲ್ಲಿನ ತೊಟ್ಟಿಗಳು, ಬಟ್ಟೆ ಉಜ್ಜಲು ಒಗೆಯುವ ಕಲ್ಲುಗಳು. ಊರಿನ ಹೆಂಗಸರು ತಲೆತಲಾಂತರದಿಂದ ಇಲ್ಲಿ ಬಗ್ಗಿ ಬಟ್ಟೆ ಒಗೆದವರು. ಈಗ ಪ್ರವಾಸಿಗರು ನಿಂತು ಫೋಟೋ ತೆಗೆಯುತ್ತಾರೆ. ಒಗೆಯುವ ಕಲ್ಲು ಎಂದರೇನೆಂದು ನನಗೆ ಯಾವ ಗೈಡೂ ವಿವರಿಸಬೇಕಿರಲಿಲ್ಲ.

ಅಲ್ಲಿ ನಿಂತಾಗ ನನಗೆ ತೋಚಿದ್ದು ಇಷ್ಟು. ನೋಡುವ ಆಸೆ ತಪ್ಪಲ್ಲ. ಮೈಮುರಿದು ದುಡಿದ ಮನಸ್ಸಿಗೂ ಹಸಿವಿರುತ್ತದೆ. ಆದರೆ ನಾವು ‘ನನ್ನ ದಿನ’ ಎನ್ನುವುದು ಪೂರ್ತಿಯಾಗಿ ನಮ್ಮದಲ್ಲ. ಬಸ್ಸು ನಡೆಸಿದವನು, ದಾರಿ ತೋರಿಸಿದವಳು, ಊರಿನಲ್ಲಿ ನಮ್ಮ ಮನೆಯ ಪಾತ್ರೆ ಬೆಳಗಿದವಳು, ಇವರೆಲ್ಲರ ದುಡಿಮೆ ಅದರಲ್ಲಿ ಸೇರಿದೆ. ನನಗೊಂದು ದಿನ ಬೇಕು ಎನ್ನುವುದು ಸ್ವಾರ್ಥವಲ್ಲ. ನನಗೆ ಮಾತ್ರ ಬೇಕು ಎನ್ನುವುದು ಸ್ವಾರ್ಥ.

ಸ್ವಾತಂತ್ರ್ಯವನ್ನು ನಾವು ಗಂಡನಿಂದ, ಮಕ್ಕಳಿಂದ ಕೇಳಿ ಪಡೆಯುತ್ತೇವೆ. ಅದೇ ಸ್ವಾತಂತ್ರ್ಯವನ್ನು ನಮ್ಮಿಂದ ಕೇಳುವವರೂ ಇದ್ದಾರೆ. ಮನೆಗೆಲಸಕ್ಕೆ ಬರುವ ಹೆಂಗಸು ‘ನಾಳೆ ಬರೋದಿಲ್ಲ ಅಕ್ಕಾ’ ಎಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ಯಾತಕ್ಕೆ ಎಂದಲ್ಲವೇ? ಅದನ್ನು ಕೇಳದೆ, ಸಂಬಳದಲ್ಲೂ ಹಿಡಿಯದೆ, ‘ಹೋಗಿ ಬಾ’ ಎನ್ನುವುದನ್ನು ನಾವು ಕಲಿಯಬೇಕು.