ಕಾಣದ್ದು ಇಲ್ಲವೆಂದಾಗುವುದೆ?

ಎಂದೂ ಸಂಧಿಸದ ಇಬ್ಬರು, ಲೋಕವೆಲ್ಲ ಕಿವಿಗೊಟ್ಟು ಕುಳಿತಿರುವಾಗಲೂ, ತಮ್ಮೊಳಗೇ ಉಳಿಯುವ ರಹಸ್ಯವೊಂದನ್ನು ಬಹಿರಂಗವಾಗಿಯೇ ಏರ್ಪಡಿಸಿಕೊಳ್ಳಬಲ್ಲರೆಂದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ತೋರಿಸಿಕೊಟ್ಟರು. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಸಾರ್ವಜನಿಕ ಕೀಲಿಯ ಗೂಢಲಿಪಿಯನ್ನು ರಚಿಸಿದರು. ಅದರ ಮರ್ಮವನ್ನು ಸಣ್ಣ ಸಂಖ್ಯೆಗಳಲ್ಲೇ ಕಾಣಬಹುದು. 3 ಮತ್ತು 11 ಎಂಬ ಅವಿಭಾಜ್ಯಗಳ ಗುಣಲಬ್ಧವಾದ 33ನ್ನೂ, ಜೊತೆಗೆ 3 ಎಂಬ ಘಾತವನ್ನೂ ಊರಿಗೆಲ್ಲ ಸಾರಿ, 7 ಎಂಬ ಮತ್ತೊಂದು ಘಾತವನ್ನು ಮಾತ್ರ ನಾನು ಬಚ್ಚಿಟ್ಟುಕೊಂಡಿರುವೆನೆನ್ನಿ. ನನಗೆ 4ನ್ನು ಗುಟ್ಟಾಗಿ ತಿಳಿಸಬಯಸುವವನು ಅದರ ಘನವಾದ 64ನ್ನು 33ರಿಂದ ಭಾಗಿಸಿ, ಉಳಿದ 31ನ್ನು ಕಳುಹಿಸುತ್ತಾನೆ. ನಾನು ಆ 31ನ್ನು ಏಳನೆಯ ಘಾತಕ್ಕೇರಿಸಿ ಮತ್ತೆ 33ರಿಂದ ಭಾಗಿಸಲು, ಶೇಷವಾಗಿ 4 ಮರಳಿ ದೊರೆಯುತ್ತದೆ. 33ನ್ನು ಒಡೆಯಬಲ್ಲವನಿಗೆ 7 ದಕ್ಕಿತೆಂದೇ ಲೆಕ್ಕ. ಆದುದರಿಂದಲೇ ನಿಜವಾದ ವ್ಯವಹಾರದಲ್ಲಿ 600ಕ್ಕೂ ಮಿಕ್ಕ ಅಂಕೆಗಳುಳ್ಳ ಸಂಖ್ಯೆಯನ್ನು ಬಳಸುತ್ತಾರೆ.

ಅಂತಹ ಸಂಖ್ಯೆಯನ್ನು ಒಡೆಯುವುದು ದುಸ್ಸಾಧ್ಯವೆಂದು ಸಾಧಿಸಿದವರಾರು? ಯಾರೂ ಇಲ್ಲ. ಸುಲಭೋಪಾಯವು ಈವರೆಗೆ ಕಾಣಲಿಲ್ಲ, ಆದುದರಿಂದ ಇಲ್ಲ ಎಂಬುದಿಷ್ಟೇ ಈ ಭದ್ರತೆಯ ತಳಹದಿ. ಕಾಣದಿರುವಿಕೆಯೂ ಜ್ಞಾನಕ್ಕೆ ಸಾಧನವಾಗಬಹುದೆಂದು ಒಪ್ಪಿ, ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಎಣಿಸಿದ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ, ಅದಕ್ಕೊಂದು ಕಟ್ಟುಪಾಡನ್ನು ಹಾಕದೆ ಬಿಡಲಿಲ್ಲ: ವಸ್ತುವು ಇದ್ದಿದ್ದರೆ ಕಾಣಲೇಬೇಕಾದಂಥ ಸನ್ನಿವೇಶವಿರಬೇಕು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಅಲ್ಲಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧಿಸದು.

ಇಲ್ಲಿ ಬೆಳಕೆಷ್ಟಿದೆ? ಮೇಲಿನ ಮೂವರ ವಿಧಾನವನ್ನೇ ಬ್ರಿಟನ್ನಿನ ಗೂಢಚರ್ಯೆಯ ಇಲಾಖೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲಿಯೇ ಕಂಡುಕೊಂಡಿದ್ದರೂ, 1997ರವರೆಗೆ ಸರಕಾರವು ಅದನ್ನು ಲೋಕಕ್ಕೆ ಅರುಹಲಿಲ್ಲ. ಕಟ್ಟುವ ಉಪಾಯವನ್ನೇ ಹೀಗೆ ಅಡಗಿಸಿಡಬಹುದಾದರೆ, ಒಡೆಯುವ ಉಪಾಯವನ್ನು ಅಡಗಿಸಿಡಲು ಅಡ್ಡಿಯೇನು? 1977ರಲ್ಲಿ ಸವಾಲೆಂದು ಪ್ರಕಟವಾದ 129 ಅಂಕೆಗಳ ಸಂಖ್ಯೆಯೊಂದಕ್ಕೆ ಕೋಟ್ಯಂತರ ವರ್ಷಗಳ ಆಯುಷ್ಯವನ್ನು ಊಹಿಸಿದ್ದರು; 1994ರಲ್ಲಿ ಅದು ಒಡೆದೇ ಹೋಯಿತು. ಇಷ್ಟು ದೀರ್ಘಕಾಲ ಇಷ್ಟು ಮಂದಿ ಮೇಧಾವಿಗಳು ಹುಡುಕಿದುದನ್ನು ಬರಿಯ ಕತ್ತಲೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ, ನಿಜ. ಆದರೂ ಇದನ್ನು ಬಲವಾದ ಸಂಭಾವನೆಯೆನ್ನುವೆನೇ ಹೊರತು ನಿಶ್ಚಯಜ್ಞಾನವೆಂದು ಒಪ್ಪೆನು. ಕ್ವಾಂಟಂ ಗಣಕಯಂತ್ರಕ್ಕೆ ಈ ಒಡೆಯುವ ಕೆಲಸ ಸುಲಭವೆಂದು ಪೀಟರ್ ಶೋರ್ ಅದೇ 1994ರಲ್ಲಿ ಗಣಿತದಿಂದ ತೋರಿಸಿದ್ದಾರೆ. ಅದಕ್ಕೆ ಸಾಕಾಗುವಷ್ಟು ದೊಡ್ಡ ಯಂತ್ರವನ್ನು ಯಾರಾದರೂ ಕಟ್ಟಿರುವುದು ಈವರೆಗೆ ಕಂಡುಬಂದಿಲ್ಲ.